ಏಳು ಜನ ಸೇರಿದರೆ

ಸಂಘವೊಂದು ಹುಟ್ಟಲು ಏಳು ಜನ ಸಾಕು ಎನ್ನುತ್ತದೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅದನ್ನು ಬರೆದವರಿಗೆ ನಮ್ಮವರ ಒಳಗುಟ್ಟು ಚೆನ್ನಾಗಿ ಗೊತ್ತಿದ್ದಿರಬೇಕು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಖಜಾಂಚಿ, ಸಂಘಟನಾ ಕಾರ್ಯದರ್ಶಿ, ಹಿರಿಯರೆಂದು ಒಬ್ಬ ಗೌರವಾಧ್ಯಕ್ಷ: ಏಳು ಜನಕ್ಕೂ ಕುರ್ಚಿ ಸಿಕ್ಕಿತು. ಬರೀ ಸದಸ್ಯನಾಗುವ ದುರದೃಷ್ಟ ಎಂಟನೆಯವನದು. ಅವನು ಒಂದೆರಡು ವರ್ಷ ಪೆಂಡಾಲಿನ ಕಂಬ ಹಿಡಿದು, ಆಹ್ವಾನಪತ್ರಿಕೆಯಲ್ಲಿ ತನ್ನ ಹೆಸರು ಹುಡುಕಿ ಸಾಕಾಗಿ, ಕೊನೆಗೆ ಇನ್ನಾರು ಜನರನ್ನು ಕಟ್ಟಿಕೊಂಡು ಪಕ್ಕದ ಬೀದಿಯಲ್ಲಿ ಬೇರೆ ಬೋರ್ಡು ಹಾಕುತ್ತಾನೆ. ನಮ್ಮ ರಾಜ್ಯದಲ್ಲಿ ಸಂಘಗಳ ಸಂತಾನ ಬೆಳೆದಿರುವುದು ಹೆಚ್ಚಾಗಿ ಹೀಗೆಯೇ.

ನಡುವಯಸ್ಸಿನ ಯಾವ ಕನ್ನಡಿಗನನ್ನಾದರೂ ಹಿಡಿದು ಕೇಳಿ ನೋಡಿ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಚಂದಾ ಕಟ್ಟುತ್ತಾನೆ, ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಷೇರು ಇಟ್ಟಿದ್ದಾನೆ, ಸ್ವಜಾತಿ ಸಂಘದ ಆಜೀವ ಸದಸ್ಯ, ಸಾಹಿತ್ಯ ಪರಿಷತ್ತಿನ ಮತದಾರ. ಪರಿಷತ್ತು ಹುಟ್ಟಿದ್ದು 1915ರಲ್ಲಿ ಎಂಬುದು ಅವನಿಗೆ ನೆನಪಿರಲಿಕ್ಕಿಲ್ಲ. ಚುನಾವಣೆ ಬಂದಾಗ ಯಾರ್‍ಯಾರು ಮನೆ ಬಾಗಿಲಿಗೆ ಬಂದರು ಎಂಬುದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ: ಬೈಲಾ, ನಡವಳಿ ಪುಸ್ತಕ, ವಾರ್ಷಿಕ ಮಹಾಸಭೆ, ಉಪ್ಪಿಟ್ಟು ಕಾಫಿ. ಒಳಗೆ ಮಾತ್ರ ಅಜಗಜಾಂತರ. 1905ನೇ ಇಸವಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಬೇರೆ ಬೇರೆ ಕಸುಬಿನ ಮೂವರು ಗೆಳೆಯರ ಜೊತೆ ಕೂತು ರೋಟರಿ ಶುರುಮಾಡಿದ. ಅದೇ ವರ್ಷ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ತಲೆಯೆತ್ತಿದ್ದೂ ಆಗಲೇ. ಮರುವರ್ಷ ಒಕ್ಕಲಿಗರ ಸಂಘ ಬಂತು. ಇವರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರುವ ಸಂಭವ ಕಡಿಮೆ. ಶಿಕಾಗೋದ ವಕೀಲನಿಗೆ ಬೇಕಾಗಿದ್ದು ದೊಡ್ಡ ಊರಿನಲ್ಲಿ ನಾಲ್ಕು ಜನ ಪರಿಚಯದವರು. ಕಣಗಿನಹಾಳದವರಿಗೆ ಬೇಕಾಗಿದ್ದು ಸಾಹುಕಾರನ ಬಡ್ಡಿಯಿಂದ ಬಿಡುಗಡೆ.

ರೋಟರಿಯ ಹಳೆಯ ನಿಯಮವೊಂದು ನನಗೆ ಬಹಳ ಇಷ್ಟ. ಒಂದು ಕ್ಲಬ್ಬಿನಲ್ಲಿ ಒಂದು ವೃತ್ತಿಗೆ ಒಬ್ಬನೇ. ಒಬ್ಬ ದಂತವೈದ್ಯನಿದ್ದರೆ ಎರಡನೆಯವನಿಗೆ ಜಾಗವಿಲ್ಲ. ಕ್ಲಬ್ಬಿನಲ್ಲಿ ಎಲ್ಲರ ಹಲ್ಲು ನೋಯಲಿ ಎಂದು ಆ ಒಬ್ಬ ಹಾರೈಸುತ್ತಿದ್ದನೋ ಏನೋ! ಜಾತಿ ಸಂಘದ್ದು ಇದಕ್ಕೆ ತಿರುಗುಮುರುಗು. ಹುಟ್ಟು ಒಂದೇ ಇರಬೇಕು, ಕಸುಬು ಯಾವುದಾದರೂ ಆದೀತು. ಹಾಗಾಗಿ ವಧೂವರರ ಸಮಾವೇಶ, ವರ್ಗಾವಣೆಯ ಶಿಫಾರಸು, ಚುನಾವಣೆಯ ಟಿಕೆಟ್ಟು ಎಲ್ಲವೂ ಅಲ್ಲೇ ಒಂದೇ ಸೂರಿನಡಿ. ನನಗೆ ಈ ಸಂಘಗಳ ಮೆರವಣಿಗೆ, ಕಟೌಟು ಕಂಡರಾಗದು. ಆದರೂ ಹಳ್ಳಿಯ ಹುಡುಗರಿಗೆ ಪಟ್ಟಣದಲ್ಲಿ ಬಾಡಿಗೆಗೆ ಕೋಣೆಯೂ ಹುಟ್ಟದ ಕಾಲದಲ್ಲಿ ಅನ್ನ ಹಾಕಿ ಓದಿಸಿದ್ದು ಇಂಥ ಸಂಘಗಳ ಉಚಿತ ವಿದ್ಯಾರ್ಥಿನಿಲಯಗಳು. ಅದನ್ನು ಮರೆತು ಮಾತಾಡುವುದು ಉಂಡ ಮನೆಯ ಜಂತೆ ಎಣಿಸಿದಂತೆ.

ಇನ್ನು ಹೆಂಗಸರ ಸ್ವಸಹಾಯ ಗುಂಪು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾದದ್ದು 1982ರಲ್ಲಿ. ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000ದ ಸುಮಾರಿಗೆ. ಹತ್ತರಿಂದ ಇಪ್ಪತ್ತು ಜನ, ವಾರಕ್ಕೊಂದು ಸಭೆ, ಅಂಗನವಾಡಿಯಲ್ಲೋ ಯಾರದಾದರೂ ಜಗಲಿಯಲ್ಲೋ ಸುತ್ತ ಕೂತು ಉಳಿತಾಯದ ಹಣ ಎಣಿಸುವುದು. ತಡವಾಗಿ ಬಂದರೆ ದಂಡ. ದಂಡ ಹಾಕುವ ಪದ್ಧತಿ ರೋಟರಿಯಲ್ಲೂ ಇದೆ. ಅಲ್ಲಿ ಅದು ನಗೆಚಾಟಿಕೆ, ಇಲ್ಲಿ ಹತ್ತು ರೂಪಾಯಿಗೂ ಮುಖ ಸಣ್ಣದಾಗುತ್ತದೆ. “ಯಾಕ್ರೀ ಗಿರಿಜಕ್ಕ, ಹೋದ ವಾರ ಕಾಣ್ಲಿಲ್ಲ?” ಎಂಬ ಪ್ರಶ್ನೆಯಲ್ಲಿ ಕ್ಷೇಮ ಸಮಾಚಾರವೂ ಇದೆ, ವಸೂಲಿಯೂ ಇದೆ. ಅಡವಿಡಲು ಚಿನ್ನವಿಲ್ಲದವಳಿಗೆ ಬ್ಯಾಂಕು ಸಾಲ ಕೊಡುವುದು ಉಳಿದವರ ಮುಖ ನೋಡಿ. ಹಾಗಾಗಿ ಅವಳ ಕಂತು ತಪ್ಪಿದರೆ ಬಾಗಿಲು ತಟ್ಟುವವರೂ ಆ ಉಳಿದವರೇ. ಸಭೆಗಳಲ್ಲಿ ಭಾಷಣ ಮಾಡುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಎರಡನೆಯದನ್ನು ತಿಳಿಯಬೇಕಾದರೆ ಕಂತು ಕಟ್ಟಲಾಗದೆ ತವರಿಗೆ ಹೋಗಿ ಕೂತವಳನ್ನು ಕೇಳಬೇಕು. ಇಷ್ಟಿದ್ದೂ, ಗಂಡನ ಹೆಸರು ಹೇಳಲು ನಾಚುತ್ತಿದ್ದ ಹೆಂಗಸರು ಬ್ಯಾಂಕ್ ಮ್ಯಾನೇಜರನ ಎದುರು ಕುರ್ಚಿ ಎಳೆದುಕೊಂಡು ಕೂರುವುದನ್ನು ಕಲಿತದ್ದು ಇಲ್ಲಿಯೇ.

ಬೈಲಾ, ದಂಡ ಯಾವುದೂ ಇಲ್ಲದೆ ನಡೆದ ಕೂಟಗಳಿಲ್ಲವೆಂದಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಇದ್ದರು. ಹಾಜರಿ ಹಾಕದಿದ್ದರೂ ಬರುತ್ತಿದ್ದರು, ಏಕೆಂದರೆ ಬರೆದದ್ದನ್ನು ಕೇಳುವ ಕಿವಿ ಅಲ್ಲಿತ್ತು. ಆದರೆ ಇಂಥದ್ದು ಕಾಯ್ದೆಯಿಂದ ಹುಟ್ಟುವಂಥದಲ್ಲ, ಎಲ್ಲ ಊರಿಗೂ ಒಬ್ಬ ಬೇಂದ್ರೆ ಸಿಗುವುದೂ ಇಲ್ಲ.

ಈಗಿನ ವಾಟ್ಸಾಪ್ ಗುಂಪಿಗೆ ಏಳು ಜನವೂ ಬೇಡ. ಚಂದಾ ಇಲ್ಲ, ಕೋರಂ ಇಲ್ಲ, ಬರದಿದ್ದರೆ ಕೇಳುವವರಿಲ್ಲ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಯಾರಾದರೂ ತೀರಿಕೊಂಡರೆ ಸಾಲು ಸಾಲು ‘ಓಂ ಶಾಂತಿ’. ಹೆಣ ಹೊರಲು ಹೋದವರು ಮಾತ್ರ ಹಳೆಯ ಭಜನಾ ಮಂಡಳಿಯವರು. ಇನ್ನು ಲಿಂಕ್ಡ್‌ಇನ್‌ನಲ್ಲಿ ಬಡ್ತಿ ಪಡೆದ ಅಪರಿಚಿತನಿಗೆ ನಾವೆಲ್ಲ ಅಭಿನಂದನೆ ಹೇಳುತ್ತಿರುತ್ತೇವೆ, ಅವನಿಗೂ ನಾವು ಯಾರೆಂದು ಗೊತ್ತಿರುವುದಿಲ್ಲ.

ಬೆಂಗಳೂರಿನಲ್ಲಿ ನನಗೆ ಗೊತ್ತಿರುವ ಹುಡುಗನೊಬ್ಬ ಕೆಲಸ ಕಳೆದುಕೊಂಡ. ಲಿಂಕ್ಡ್‌ಇನ್‌ನಲ್ಲಿ ಅವನಿಗೆ ನೂರಾರು ಸಂಪರ್ಕಗಳಿದ್ದವು. ಕೈಮುಗಿಯುವ ಚಿಹ್ನೆಗಳೂ ಧಾರಾಳವಾಗಿ ಬಂದವು. ಕೊನೆಗೆ ಅವನು ಫೋನ್ ಮಾಡಿದ್ದು ಹಾಸ್ಟೆಲ್ಲಿನ ಹಳೆಯ ರೂಮ್‌ಮೇಟಿಗೆ. ಆತ ಮೊದಲು ತೆಗೆದದ್ದು ತಾನು ಕೈಯಿಂದ ಕಟ್ಟಿ ಇವನು ತೀರಿಸದೆ ಉಳಿದಿದ್ದ ಮೆಸ್ ಬಿಲ್ಲಿನ ಮಾತು. ಅದರ ಬಗ್ಗೆ ಒಂದಷ್ಟು ಹೊತ್ತು ಬೈದಾಡಿಕೊಂಡ ಮೇಲೆ, “ಸರಿ, ಇವತ್ತೇ ರೆಸ್ಯೂಮೆ ಕಳಿಸೋ, ನಮ್ಮ ಮ್ಯಾನೇಜರ್‌ಗೆ ಹೇಳ್ತೀನಿ” ಎಂದನಂತೆ.