ಸುಮ್ಮನೆ ನಿಂತ ದೋಣಿ

ಮೊಬೈಲಿನಲ್ಲಿ ಪವರ್‌ಬೋಟ್ ರೇಸಿನ ವಿಡಿಯೋ ತೋರಿಸಿದೆವು. ಅಂಬಿಗರ ಕಾಕಾ ಓಡುವ ದೋಣಿಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೂಲೆಯಲ್ಲಿದ್ದ ಬೇರೊಂದು ದೋಣಿಗೆ ಬೆರಳಿಟ್ಟು, "ಇದ್ಯಾಕ ಸುಮ್ನ ನಿಂತೈತಿ?" ಎಂದರು.

ನಮಗೆ ಗೊತ್ತಿರಲಿಲ್ಲ. ಕೃಷ್ಣೆ ದಂಡೆಯಲ್ಲೇ ಬೆಳೆದು ಪತ್ರಿಕೋದ್ಯಮ ಓದಿದ ನಮ್ಮ ಕಣ್ಣಿಗೆ ಆ ದೋಣಿ ಬಿದ್ದೇ ಇರಲಿಲ್ಲ.

ಅದು 2018ರ ನವೆಂಬರಿನಲ್ಲಿ ವಿಜಯವಾಡದ ಹತ್ತಿರ, ಇದೇ ಕೃಷ್ಣೆಯಲ್ಲಿ ನಡೆದ ಫಾರ್ಮುಲಾ ಒನ್ ದೋಣಿ ರೇಸ್. ಗಂಟೆಗೆ 200 ಕಿ.ಮೀ. ಮೀರಿ ಓಡುವ ದೋಣಿಯ ತೂಕ ಇಂಜಿನ್ ಸೇರಿ ಸುಮಾರು 390 ಕೆ.ಜಿ. ಅಡಿಗೆ ಗಾಳಿ ಹೊಕ್ಕರೆ ಎದ್ದು ಮಗುಚುತ್ತದೆ. ಚಾಲಕ ಬೆಲ್ಟ್ ಬಿಗಿದುಕೊಂಡೇ ನೀರೊಳಗೆ ತಲೆಕೆಳಗಾಗುತ್ತಾನೆ. ಸುಮ್ಮನೆ ನಿಂತಿದ್ದು ಆ ಹೊತ್ತಿಗೆ ಬೇಕಾದ ರಕ್ಷಣಾ ದೋಣಿ.

ಹುಡುಕಿ ಓದಿ ಕಾಕಾಗೆ ಹೇಳಿದೆವು. ಇವರು ಹೆಚ್ಚಾಗಿ ನಿಲ್ಲುವುದು ತಿರುವುಗಳ ಹತ್ತಿರ. ಮುಳುಗುಗಾರರು ಡ್ರೆಸ್ ತೊಟ್ಟು ತಯಾರಾಗಿ ಕೂತಿರುತ್ತಾರೆ. ಯಾರು ಗೆದ್ದರು ಎಂಬುದು ಅವರಿಗೆ ಬೇಡ, ಕಣ್ಣು ನೀರಿನ ಮೇಲೆ. ದೋಣಿ ಮಗುಚಿದರೆ ಕೆಂಪು ಬಾವುಟ ಹಾರಿಸಿ ರೇಸನ್ನೇ ನಿಲ್ಲಿಸಬಹುದು. ಮೊದಲು ಮನುಷ್ಯ. ಲಕ್ಷಾಂತರ ರೂಪಾಯಿಯ ದೋಣಿ ತೇಲಲಿ, ಮುಳುಗಲಿ, ಅದು ಆಮೇಲೆ. ನೀರಲ್ಲಿ ಬಿದ್ದವನ ಹತ್ತಿರ ಹೋಗುವಾಗ ಫ್ಯಾನ್ ತಾಗದಂತೆ ನೋಡಬೇಕು. ಕುತ್ತಿಗೆ ಮುರಿದಿರಬಹುದೆಂದೇ ತಿಳಿದು, ಎಳೆದಾಡದೆ ಹಲಗೆಯ ಮೇಲೆ ಎತ್ತಬೇಕು.

ಕಾಕಾ ಎಲ್ಲ ಕೇಳಿ, "ಯಾರು ಜಿಗೀಬೇಕಂತ ಮೊದಲ ಮಾತಾಡ್ಕೊಂಡಿರ್ತಾರ?" ಎಂದರು.

ಆ ಪ್ರಶ್ನೆ ಎಲ್ಲಿಂದ ಬಂತೆಂದು ನಮಗೆ ಗೊತ್ತು. ಕೆಲವು ವರ್ಷದ ಹಿಂದೆ ಜಾತ್ರೆಯ ದಿನ ಹರಗೋಲಿನಿಂದ ಒಬ್ಬ ಹುಡುಗ ಬಿದ್ದ. ನಾವೂ ದಂಡೆಯಲ್ಲಿದ್ದೆವು. ಐದಾರು ಮಂದಿ ಒಟ್ಟಿಗೇ ಜಿಗಿದರು, ಅವರಲ್ಲಿ ಇಬ್ಬರಿಗೆ ಈಜು ಬರುತ್ತಿರಲಿಲ್ಲ. ಕಾಕಾ ಮೊದಲು ಆ ಇಬ್ಬರನ್ನು ಎಳೆದು ತರಬೇಕಾಯಿತು. ಹುಡುಗ ಸಿಕ್ಕಿದ್ದು ಮರುದಿನ. ಆಗ ನಮ್ಮಲ್ಲೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಇದನ್ನು ಈವರೆಗೆ ಎಲ್ಲೂ ಬರೆದಿರಲಿಲ್ಲ.

ವಿಜಯವಾಡದ ರೇಸಿಗೆ ಒಂದು ವರ್ಷ ಮೊದಲು, 2017ರ ನವೆಂಬರಿನಲ್ಲಿ, ಅಲ್ಲೇ ಹತ್ತಿರ ಪ್ರವಾಸಿಗರ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮುಳುಗಿ 16 ಜನ ಹೋದರು. ರೇಸಿನ ಚಾಲಕ ಹೆಲ್ಮೆಟ್ ಹಾಕಿ, ಮಗುಚಿದ ದೋಣಿಯಿಂದ ಹೊರಬರುವ ಪರೀಕ್ಷೆ ಪಾಸಾಗಿ ನೀರಿಗಿಳಿಯುತ್ತಾನೆ. ನಮ್ಮವರು ಹಣ್ಣುಕಾಯಿ ಹಿಡಿದು ಹತ್ತುತ್ತಾರೆ.

ಈ ಸಲದ ಜಾತ್ರೆಗೆ ಕಾಕಾ ತಮ್ಮ ಹರಗೋಲಿಗೆ ಯಾರನ್ನೂ ಹತ್ತಿಸಲಿಲ್ಲ. ಗಾಳಿ ತುಂಬಿದ ಲಾರಿ ಟ್ಯೂಬು ಎರಡು, ಉದ್ದದ ಹಗ್ಗ, ಈಜು ಬಲ್ಲ ಇಬ್ಬರು ಹುಡುಗರು. ಯಾರು ಮೊದಲು ಜಿಗಿಯಬೇಕು, ಯಾರು ಹಗ್ಗ ಹಿಡಿಯಬೇಕು ಎಂದು ಬೆಳಿಗ್ಗೆಯೇ ಹೇಳಿಟ್ಟಿದ್ದರು. ಇಡೀ ದಿನದ ದುಡಿಮೆ ಹೋಯಿತು. ಜಾತ್ರೆ ನಡೆಸುವವರನ್ನು ಕೇಳಿದರೆ, "ಸುಮ್ನ ಕುಂತವರಿಗೆ ಯಾಕ ರೊಕ್ಕ?" ಅಂದರು. ನಾವು ಅದನ್ನೇ ಹೇಳಲು ಸಂಜೆ ನೀರಿಗಿಳಿದು ಹರಗೋಲಿನ ಹತ್ತಿರ ಹೋದೆವು.

ಕಾಕಾ ನಮ್ಮ ಕಡೆ ತಿರುಗಲೇ ಇಲ್ಲ. "ಆಮ್ಯಾಲ ಹೇಳ್ರಪಾ. ಇನ್ನೂ ಮೂರು ಹರಗೋಲು ಬರಾದೈತಿ."