2022 ಬಂತು, ಹೋಯಿತು: ಕಣಗಲಾದಲ್ಲಿ ಕೂತು ನೋಡಿದ ಹಳೇ ಸಿನಿಮಾ

1973ರಲ್ಲಿ ಅಮೆರಿಕದಲ್ಲಿ ಒಂದು ಸಿನಿಮಾ ಬಂತು. ಹೆಸರು ‘ಸೋಯ್ಲೆಂಟ್ ಗ್ರೀನ್’. ನಿರ್ದೇಶಕ ರಿಚರ್ಡ್ ಫ್ಲೈಶರ್, ನಾಯಕ ಚಾರ್ಲ್ಟನ್ ಹೆಸ್ಟನ್. ಕಥೆ ನಡೆಯುವುದು 2022ರ ನ್ಯೂಯಾರ್ಕ್ ನಗರದಲ್ಲಿ. ಅದನ್ನು ತೆಗೆದವರಿಗೆ 2022 ಅಂದರೆ ಸುಮಾರು ಐವತ್ತು ವರ್ಷ ಮುಂದಿನ ಕಾಲ. ನಾವು ಡಿಪ್ಲೊಮಾ ಓದುವಾಗ ಅದರ ಡಿವಿಡಿ ಕೊಂಡು ನೋಡಿದಾಗಲೂ ಆ ವರ್ಷ ಇನ್ನೂ ದೂರವಿತ್ತು. ಈಗ ಅದು ಕಳೆದೇ ಹೋಗಿದೆ. ಭವಿಷ್ಯ ಹೇಳಿದ ಸಿನಿಮಾವನ್ನು ಆ ಭವಿಷ್ಯ ಮುಗಿದ ಮೇಲೆ ನೋಡಿದರೆ ಹೇಗಿರುತ್ತದೆ ಎಂದು ಡಿಸ್ಕ್ ಒರೆಸಿ ಪ್ಲೇಯರಿಗೆ ಹಾಕಿದೆವು. ಎರಡು ಕಡೆ ತಡವರಿಸಿತು, ಆದರೂ ಓಡಿತು.

ಇಂಗ್ಲಿಷ್ ಸಿನಿಮಾ. ಜೊತೆಗೆ ಆಯಿ ಮತ್ತು ವೈನಿ ಕೂತಿದ್ದರು. ಹಾಗಾಗಿ ಕಥೆಯನ್ನು ನಾವೇ ಹೇಳುತ್ತಾ ಹೋಗಬೇಕಾಯಿತು. ನಿಮಗೂ ಅಷ್ಟು ಹೇಳಿಬಿಡುತ್ತೇವೆ.

ಸಿನಿಮಾದ ನ್ಯೂಯಾರ್ಕಿನಲ್ಲಿ 4 ಕೋಟಿ ಜನ. ಅರ್ಧದಷ್ಟು ಮಂದಿಗೆ ಕೆಲಸವಿಲ್ಲ. ಮನೆಯಿಲ್ಲದವರು ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿರುತ್ತಾರೆ. ವರ್ಷವಿಡೀ ಬಿಸಿಲ ಧಗೆ. ನೀರು ಅಳತೆಯ ಮೇಲೆ. ತಿನ್ನಲು ಸೋಯ್ಲೆಂಟ್ ಎಂಬ ಕಂಪನಿ ಕೊಡುವ ಬಿಸ್ಕತ್ತಿನಂಥ ಹಲಗೆ. ಹಸಿರು ಬಣ್ಣದ್ದು ಮಂಗಳವಾರ ಮಾತ್ರ. ಅದು ಮುಗಿದು ಜನ ಗಲಾಟೆ ಮಾಡಿದರೆ ಜೆಸಿಬಿಯಂಥ ಗಾಡಿ ಬಂದು ಮನುಷ್ಯರನ್ನೇ ಮಣ್ಣಿನ ಹಾಗೆ ಬಾಚಿ ಹಾಕಿಕೊಂಡು ಹೋಗುತ್ತದೆ.

ಥಾರ್ನ್ ಎಂಬ ಪೊಲೀಸ್ ಒಬ್ಬ ಶ್ರೀಮಂತನ ಕೊಲೆಯ ತನಿಖೆ ಮಾಡುತ್ತಾನೆ. ಅವನ ಜೊತೆ ಸಾಲ್ ಎಂಬ ಮುದುಕ ಇರುತ್ತಾನೆ. ಹಳೇ ಪ್ರಪಂಚ ನೋಡಿದವನು; ಸೈಕಲ್ ತುಳಿದು ಮನೆಗೆ ಕರೆಂಟು ಮಾಡಿಕೊಳ್ಳುವವನು. ಸತ್ತ ಶ್ರೀಮಂತನ ಮನೆಯಿಂದ ಥಾರ್ನ್ ಒಂದು ತುಂಡು ಮಾಂಸ, ಸ್ವಲ್ಪ ಸೊಪ್ಪು, ಸೇಬು ಎತ್ತಿಕೊಂಡು ಬರುತ್ತಾನೆ. ಅದನ್ನು ಕಂಡು ಮುದುಕ ಅಳುತ್ತಾನೆ. ಅಲ್ಲಿಯತನಕ ಸುಮ್ಮನಿದ್ದ ಆಯಿ ಬಾಯಿ ಬಿಟ್ಟಳು: “ತಪ್ಪಲಪಲ್ಯಾ ಸಿಗದ ಊರಾಗ ಯಾಕ ಇರಬೇಕೋ ತಮ್ಮಾ?”

ಕೊನೆಗೆ ಸತ್ಯ ಗೊತ್ತಾಗುತ್ತದೆ. ಕಡಲೇ ಸತ್ತುಹೋಗಿದೆ. ಕಡಲ ಪಾಚಿಯಿಂದ ಮಾಡಿದ್ದು ಎಂದು ಹೇಳುತ್ತಿದ್ದ ಹಸಿರು ಹಲಗೆಯನ್ನು ಸತ್ತ ಮನುಷ್ಯರಿಂದ ಮಾಡುತ್ತಿದ್ದಾರೆ. ಅದನ್ನು ಕೂಗಿ ಹೇಳುತ್ತಾ ಥಾರ್ನ್‌ನನ್ನು ಹೊತ್ತೊಯ್ಯುವಲ್ಲಿಗೆ ಸಿನಿಮಾ ಮುಗಿಯುತ್ತದೆ.

ಈಗ ಲೆಕ್ಕ ನೋಡೋಣ. 2020ರ ಜನಗಣತಿಯಲ್ಲಿ ನ್ಯೂಯಾರ್ಕಿನ ಜನಸಂಖ್ಯೆ ಸುಮಾರು 88 ಲಕ್ಷ. ಸಿನಿಮಾ ಹೇಳಿದ್ದರ ಕಾಲುಭಾಗವೂ ಇಲ್ಲ. ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿದ್ದು ಸರಿಯಾಗಿ 2022ರ ನವೆಂಬರಿನಲ್ಲಿ; ಆದರೆ ಮನುಷ್ಯರನ್ನು ತಿನ್ನುವ ಗತಿ ಬರಲಿಲ್ಲ. ಬಿಸಿಲಿನ ಮಾತು ಮಾತ್ರ ಸುಳ್ಳಾಗಲಿಲ್ಲ. ವಾತಾವರಣ ಕಾಯುತ್ತಿದೆ ಎಂದು 1973ರಲ್ಲೇ ಈ ಸಿನಿಮಾ ಹೇಳಿತ್ತು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದು ನಿಮಗೆ ನೆನಪಿರಬಹುದು. ಹಿಡಕಲ್ ಜಲಾಶಯದ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವರ ಗುಡಿ ಮೇಲೆದ್ದು ಕಾಣುವುದನ್ನು ನೋಡಲು ಹೋದವರಿಗೆ ಬೇರೆ ಸಿನಿಮಾ ಬೇಕಿಲ್ಲ.

ಆದರೆ ಈ ಸಿನಿಮಾವನ್ನು ಕಣಗಲಾದಲ್ಲಿ ನೋಡುವುದಕ್ಕೂ ಬೇರೆ ಊರಲ್ಲಿ ನೋಡುವುದಕ್ಕೂ ವ್ಯತ್ಯಾಸವಿದೆ. ಇದಕ್ಕೆ ಮೂಲ ಹ್ಯಾರಿ ಹ್ಯಾರಿಸನ್ 1966ರಲ್ಲಿ ಬರೆದ ಕಾದಂಬರಿ. ಅದರಲ್ಲಿ ಮನುಷ್ಯರನ್ನು ತಿನ್ನುವ ಮಾತೇ ಇಲ್ಲ. ಅಲ್ಲಿರುವುದು ಜನನ ನಿಯಂತ್ರಣದ ವಾದ. ಜನ ಹೆಚ್ಚಾದರು ಎಂದು ಕೂಗುವ ಸರ್ಕಾರ, ಮಕ್ಕಳು ಯಾವಾಗ ಬೇಕು, ಬೇಡ ಎಂದು ತೀರ್ಮಾನಿಸುವ ಸಾಧನವನ್ನು ಬಡವರ ಕೈಗೆ ಕೊಡುವುದಿಲ್ಲ ಎಂಬ ಸಿಟ್ಟು ಅದರಲ್ಲಿದೆ. ಸಿನಿಮಾ ಮಾಡಿದವರು ಅದನ್ನು ಹೆಚ್ಚುಕಡಿಮೆ ಬಿಟ್ಟು, ಬೆಚ್ಚಿಬೀಳಿಸುವ ಕೊನೆಯನ್ನು ಜೋಡಿಸಿದರು.

ಅದೇ 1966ರಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಲ್ಯಾಟೆಕ್ಸ್ ಎಂಬ ಕಂಪನಿ ಸ್ಥಾಪಿಸಿತು. 1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂತು. ಮೊದಲ ಕಾರ್ಖಾನೆ ತಿರುವನಂತಪುರದಲ್ಲಿ. 1980ರ ದಶಕದಲ್ಲಿ ಇನ್ನೊಂದು ಬಂದದ್ದು ನಮ್ಮ ಕಣಗಲಾಕ್ಕೆ. ಈಗ ಕಂಪನಿಯ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್. ಸಿನಿಮಾ ಬಿಟ್ಟುಬಿಟ್ಟ ವಸ್ತು ತಯಾರಾಗುವುದು ನಮ್ಮ ಊರಲ್ಲಿ. ಅಷ್ಟೇ ಅಲ್ಲ, ಸರ್ಕಾರವೇ ಜನನ ನಿಯಂತ್ರಣದ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಇದು ನಮ್ಮ ಪಾಠಪುಸ್ತಕಗಳಲ್ಲಿ ದೊಡ್ಡಕ್ಷರದಲ್ಲಿ ಇರಬೇಕಾದ ಸಂಗತಿ.

ಹಾಗಾದರೆ ನಮ್ಮ ಸಂಸಾರಗಳು ಚಿಕ್ಕವಾದದ್ದು ಹೇಗೆ? 1976–77ರ ಒಂದೇ ವರ್ಷದಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಹೆಚ್ಚಿನವರು ಗಂಡಸರು, ಬಹಳ ಕಡೆ ಒತ್ತಾಯದಿಂದ. ಆ ಭಯಕ್ಕೆ ಗಂಡಸರು ಹಿಂದೆ ಸರಿದವರು ಮತ್ತೆ ಮುಂದೆ ಬರಲೇ ಇಲ್ಲ. ಹೊರೆ ಹೆಂಗಸರ ಮೇಲೆ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಷನ್ ಆದವರು. ದೇಶದ ಲೆಕ್ಕ ಹಿಡಿದರೆ ಹೆಂಗಸರ ಆಪರೇಷನ್ ಶೇ 37.9, ಗಂಡಸರದು ಶೇ 0.3.

ಸಿನಿಮಾದಲ್ಲಿ ಶ್ರೀಮಂತರ ಮನೆ ಬಾಡಿಗೆ ಹಿಡಿದರೆ ಅದರಲ್ಲಿ ಒಬ್ಬ ಹೆಣ್ಣುಮಗಳೂ ಇರುತ್ತಾಳೆ. ಅವಳನ್ನು ‘ಫರ್ನಿಚರ್’ ಎಂದೇ ಕರೆಯುತ್ತಾರೆ. ಮಾಲೀಕ ಸತ್ತರೆ ಮುಂದೆ ಬರುವವನು ಅವಳನ್ನು ಇಟ್ಟುಕೊಳ್ಳಬಹುದು, ಕಳಿಸಬಹುದು. ಇದನ್ನು ಹೇಳಿದಾಗ ವೈನಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು: “ನನ್ನ ಆಪರೇಷನ್ ತಾರೀಖ್ ನಾ ಹೇಳಿದ್ನೇನು? ಎರಡನೇದ ಹುಟ್ಟಿ ಗಂಡು ಅಂತ ಗೊತ್ತಾತು, ಮನ್ಯಾಗ ಎಲ್ಲಾರೂ ಕೂಡಿ ಗೊತ್ತ ಮಾಡಿದ್ರು.” ಅಣ್ಣ ಬಾಗಿಲಲ್ಲಿ ನಿಂತಿದ್ದ. “ಗಂಡಸ ಮಾಡಿಸಿಕೊಂಡ್ರ ಹೊಲಾ ಮಾಡೂ ಶಕ್ತಿ ಉಳಿತೈತೇನ?” ಅಂದ. ಕಾರ್ಖಾನೆ ಇರುವ ಊರಲ್ಲೇ ಈ ಮಾತು. ಬೇರೆ ಊರಿನ ಕಥೆ ನೀವೇ ಊಹಿಸಿ.

ಅಣ್ಣನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ. ಹೊಲಿಗೆ ಇಲ್ಲದ ಗಂಡಸರ ಆಪರೇಷನ್ ಅರ್ಧ ತಾಸಿನೊಳಗೆ ಮುಗಿಯುತ್ತದೆ. ಹೆಂಗಸರ ಆಪರೇಷನ್ನಿಗಿಂತ ಸುಲಭ, ಅಪಾಯವೂ ಕಡಿಮೆ. ದುಡಿಯುವ ಶಕ್ತಿ, ಗಂಡಸುತನ ಯಾವುದಕ್ಕೂ ಕುಂದಿಲ್ಲ. ಮೂರು ತಿಂಗಳು ಮಾತ್ರ ನಿರೋಧ್ ಬಳಸಬೇಕು, ಆಮೇಲೆ ಒಂದು ಪರೀಕ್ಷೆ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಸರ್ಕಾರ ಇದಕ್ಕಾಗಿಯೇ ಪಾಕ್ಷಿಕ ನಡೆಸುತ್ತದೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಸಿನಿಮಾದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಕೂಗಲ್ಲ, ಸಾಲ್ ಮುದುಕನ ಸಾವು. ಬದುಕು ಸಾಕೆನಿಸಿದವರು ಹೋಗಿ ಸಾಯಲು ಸರ್ಕಾರವೇ ಒಂದು ಜಾಗ ಮಾಡಿದೆ. ಅದರ ಹೆಸರು ‘ಹೋಮ್’, ಅಂದರೆ ಮನೆ. ಅಲ್ಲಿ ಮಲಗಿಸಿ, ಇಷ್ಟದ ಸಂಗೀತ ಹಾಕಿ, ಹೂವು, ಜಿಂಕೆ, ಹರಿಯುವ ನೀರು ತುಂಬಿದ ಹಳೇ ಭೂಮಿಯನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತಾರೆ. ಅದನ್ನು ನೋಡುತ್ತಾ ಅವನು ಹೋಗುತ್ತಾನೆ. ಆ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್ಸನ್‌ಗೆ ಅದೇ ಕೊನೆಯ ಸಿನಿಮಾ. ತೆರೆಗೆ ಬರುವ ಮುಂಚೆ, 1973ರ ಜನವರಿಯಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು.

ಆಯಿ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಕೇಳಿದಳು: “ಅಷ್ಟ ಮಂದಿ ಅದಾರ ಅಂತಿ. ಈ ಮುದುಕಗ ತನ್ನವರು ಒಬ್ಬರೂ ಇಲ್ಲೇನ?”

ಜನ ಹೆಚ್ಚಾದರು ಎಂದು ಹೆದರಿಸಲು ಮಾಡಿದ ಸಿನಿಮಾದಲ್ಲಿ ಅವಳಿಗೆ ಕಂಡದ್ದು ಯಾರೂ ಇಲ್ಲದ ಮುದುಕ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ತಲೆಮಾರು ಅಷ್ಟೇ ಉಳಿಯಲು 2.1 ಬೇಕು. ಇರುವ ಒಬ್ಬಿಬ್ಬರು ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ. ಓಣಿಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂತವರ ತಲೆ ಎಣಿಸಿ ನೋಡಿ, ಬಿಳಿ ಕೂದಲು ಎಷ್ಟು, ಕರಿ ಕೂದಲು ಎಷ್ಟು ಎಂದು.

ಮೊನ್ನೆ ಮೊನ್ನೆಯವರೆಗೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಗಳ ಮೇಲೆ ಬರೆಯುತ್ತಿದ್ದರು. 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು, ದಕ್ಷಿಣದವರು ಹೆಚ್ಚು ಮಕ್ಕಳು ಮಾಡಿಕೊಳ್ಳಬೇಕು ಎಂದರು. ಗೋಡೆ ಬರಹ ಬದಲಾಗುತ್ತದೆ. ಸಾಕು ಎಂದರೂ ಬೇಕು ಎಂದರೂ ಹೆರುವವಳನ್ನು ಮೊದಲು ಕೇಳಿ ಬರೆದವರನ್ನು ನಾವು ಇನ್ನೂ ಕಂಡಿಲ್ಲ.

ವೈನಿಗೆ ಒಬ್ಬಳು ಮಗಳಿದ್ದಾಳೆ, ಈಗ ಹೈಸ್ಕೂಲು. ಅವಳ ಸರದಿ ಬಂದಾಗ ತಾರೀಖು ಅವಳೇ ಹೇಳಬೇಕು ಅಂತ ವೈನಿ ಅಣ್ಣನ ಮುಂದೆಯೇ ಅಂದಳು. ಅಣ್ಣ ಮಾತಾಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.