ಗೋಧಿ ಹೊಲಗಳ ನಡುವೆ ಒಂದು ಪುಟ್ಟ ಮಸೀದಿ

ಅಮೆರಿಕಾ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮುಗಿಲು ಮುಟ್ಟುವ ಕಟ್ಟಡಗಳು, ಅಗಲವಾದ ರಸ್ತೆಗಳು, ಸಾಲುಗಟ್ಟಿದ ಕಾರುಗಳು. ಆದರೆ ಅದೇ ದೇಶದಲ್ಲಿ ನೂರು ಜನರೂ ಇಲ್ಲದ ಊರುಗಳಿವೆ. ಉತ್ತರ ಡಕೋಟ ರಾಜ್ಯದ ರಾಸ್ ಅಂತಹ ಒಂದು ಊರು. ಇಂದು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಬನ್ನಿ.

ರಾಜ್ಯದ ವಾಯವ್ಯ ಮೂಲೆಯಲ್ಲಿ, ಮೌಂಟ್ರೇಲ್ ಜಿಲ್ಲೆಯಲ್ಲಿ ರಾಸ್ ಇದೆ. ಸುತ್ತಲೂ ಪ್ರೈರಿ ಎಂದು ಕರೆಯುವ ಹುಲ್ಲುಗಾವಲಿನ ಬಯಲು. ಮರಗಳು ಕಡಿಮೆ, ಗಾಳಿ ಜಾಸ್ತಿ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. 2000ದ ಜನಗಣತಿಯಲ್ಲಿ ಇಲ್ಲಿದ್ದವರು ಕೇವಲ 48 ಮಂದಿ. ಬಳಿಕ ಆ ಪ್ರದೇಶದಲ್ಲಿ ತೈಲೋದ್ಯಮ ಬೆಳೆಯಿತು. 2010ರಲ್ಲಿ ಸಂಖ್ಯೆ 97ಕ್ಕೇರಿತು. 2020ರಲ್ಲೂ ಅದು ನೂರನ್ನು ದಾಟಲಿಲ್ಲ.

ಇಷ್ಟು ಪುಟ್ಟ ಊರಿನ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಅಮೆರಿಕಾದ ಅತ್ಯಂತ ಹಳೆಯ ಮಸೀದಿಗಳ ಪೈಕಿ ಒಂದು ಎದ್ದು ನಿಂತದ್ದು ಇದೇ ಊರಿನ ಹೊರವಲಯದ ಹೊಲಗಳ ನಡುವೆ!

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಸ್ಮಾನಿಯಾ ಆಡಳಿತದ ಸಿರಿಯಾ ಪ್ರಾಂತದಿಂದ ಕೆಲವು ಬಡ ರೈತ ಕುಟುಂಬಗಳು ಇಲ್ಲಿಗೆ ಬಂದವು. ಅವರು ಬಿಟ್ಟುಬಂದ ಹಳ್ಳಿಗಳಲ್ಲಿ ಕೆಲವು ಇಂದಿನ ಲೆಬನಾನಿಗೆ ಸೇರಿವೆ. ಅಮೆರಿಕಾದಲ್ಲಿ 1862ರ ಒಂದು ಕಾನೂನಿನ ಪ್ರಕಾರ, ಐದು ವರ್ಷ ನೆಲೆಸಿ ಬೇಸಾಯ ಮಾಡಿದವರಿಗೆ 160 ಎಕರೆ ಸರಕಾರಿ ಜಮೀನು ಸಿಗುತ್ತಿತ್ತು. ಅವಿವಾಹಿತ ಮಹಿಳೆಯರೂ ವಿಧವೆಯರೂ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಆದರೆ ಸಿಕ್ಕಿದ ನೆಲವನ್ನು ಹೊಲವಾಗಿಸುವುದು ಸುಲಭವಿರಲಿಲ್ಲ. ಕಲ್ಲುಗಳನ್ನು ಆಯ್ದು ತೆಗೆದು, ಹುಲ್ಲು ಬೇರುಬಿಟ್ಟ ಗಟ್ಟಿ ನೆಲವನ್ನು ಉಳಬೇಕಿತ್ತು.

ಹೀಗೆ ಬಂದವರಲ್ಲಿ ಮೇರಿ ಜುಮಾ ಎಂಬ ಮಹಿಳೆಯೂ ಒಬ್ಬರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1930ರ ದಶಕದ ಕೊನೆಯಲ್ಲಿ ಸರಕಾರದ ಯೋಜನೆಯೊಂದರಡಿ ಅವರ ಮಾತುಗಳನ್ನು ದಾಖಲಿಸಲಾಯಿತು. 1899ರಲ್ಲಿ ಆಕೆ ಮತ್ತು ಪತಿ ಇದ್ದಬದ್ದದ್ದನ್ನು ಮಾರಿ, ಸಾಲ ಮಾಡಿ ಹಡಗು ಹತ್ತಿದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಂಧುಗಳ ಬಳಿ ಬಿಟ್ಟು ಹೊರಟರು. ಸಹೋದರಿಯರೇ, ಆ ತಾಯಿಯ ಕರುಳು ಎಷ್ಟು ಹಿಂಡಿರಬಹುದು, ನೀವೇ ಊಹಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಗಾಡಿಯಲ್ಲಿ ಊರೂರು ಸುತ್ತಿ ಸಾಮಾನು ಮಾರಿದರು. 1902ರಲ್ಲಿ ರಾಸ್ ಬಳಿ ಜಮೀನು ಹಿಡಿದು ನೆಲೆನಿಂತರು.

ಸುಮಾರು ಮೂರು ದಶಕಗಳ ಕಾಲ ಅಲ್ಲಿ ಮಸೀದಿ ಇರಲಿಲ್ಲ. ಹಾಗೆಂದು ನಮಾಝ್ ನಿಲ್ಲಲಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಸೇರಿ ನಮಾಝ್ ಮಾಡುತ್ತಿದ್ದರು. ರಮಝಾನಿನ ಉಪವಾಸ ಮುಗಿದ ಮೇಲೆ ಒಬ್ಬರ ಮನೆಗೊಬ್ಬರು ಹೋಗಿ ಜೊತೆಯಾಗಿ ಉಣ್ಣುತ್ತಿದ್ದರು. ಅಂದರೆ, ಆ ವರ್ಷಗಳಲ್ಲಿ ದೀನನ್ನು ಕಾಪಾಡಿದ್ದು ಮನೆಗಳು. ಮನೆ ಎಂದ ಮೇಲೆ ಅದರ ಹಿಂದೆ ಹೆಣ್ಣಿನ ದುಡಿಮೆ ಇದ್ದೇ ಇರುತ್ತದಲ್ಲವೇ?

1929ರಲ್ಲಿ ಅವರು ತಮ್ಮದೇ ಮಸೀದಿ ಕಟ್ಟಿದರು. ಗುಂಬಜ್ ಇಲ್ಲ, ಮಿನಾರ ಇಲ್ಲ. ಬಹುಭಾಗ ನೆಲದೊಳಗೇ ಇದ್ದ ಸಾದಾ ಕಟ್ಟಡ ಅದು. ಅದೇ ಸಮಯಕ್ಕೆ ಕೆಟ್ಟ ಕಾಲವೂ ಬಂತು. 1930ರ ದಶಕದಲ್ಲಿ ಬರಗಾಲ ಮತ್ತು ಆರ್ಥಿಕ ಮುಗ್ಗಟ್ಟು ಒಟ್ಟಿಗೇ ಬಂದೆರಗಿದವು. ಅನೇಕರು ಊರು ಬಿಟ್ಟರು. ಉಳಿದವರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತರು. ಕ್ರಮೇಣ ಮನೆಯಿಂದ ಅರಬಿ ಮರೆಯಾಯಿತು. ಹಲವರು ಇಂಗ್ಲಿಷ್ ಹೆಸರುಗಳನ್ನಿಟ್ಟುಕೊಂಡರು, ಕ್ರೈಸ್ತ ನೆರೆಹೊರೆಯೊಂದಿಗೆ ವಿವಾಹ ಸಂಬಂಧಗಳೂ ಬೆಳೆದವು. ಮಸೀದಿ ಪಾಳುಬಿತ್ತು. 1970ರ ದಶಕದ ಕೊನೆಗೆ ಅದನ್ನು ಕೆಡವಲಾಯಿತು.

ಆದರೆ ಕಬರಸ್ತಾನ ಉಳಿಯಿತು. ಅರ್ಧಚಂದ್ರ ಮತ್ತು ನಕ್ಷತ್ರದ ಗುರುತಿರುವ ಅದರ ಬಾಗಿಲು ಆ ಬಯಲಿನಲ್ಲಿ ಇಂದಿಗೂ ಕಾಣುತ್ತದೆ. ಮೊದಲ ವಲಸಿಗರೊಬ್ಬರ ಮಗಳಿಗೆ ಅಲ್ಲಿ ಮತ್ತೆ ಮಸೀದಿ ಏಳಬೇಕೆಂಬ ಆಸೆಯಿತ್ತು. ಅವರ ಮರಣಾನಂತರ ಕುಟುಂಬದವರು ಆ ಆಸೆಯನ್ನು ನೆರವೇರಿಸಿದರು. 2005ರಲ್ಲಿ ಒಂದು ಗುಂಬಜ್ ಮತ್ತು ನಾಲ್ಕು ಕಿರುಮಿನಾರಗಳ ಪುಟ್ಟ ಮಸೀದಿ ತಲೆಯೆತ್ತಿತು. ಒಂದು ಕೋಣೆಯಷ್ಟೇ ಇರುವ ಕಟ್ಟಡ ಅದು. ಆ ಹಳೆಯ ಮನೆತನಗಳಲ್ಲಿ ಹೆಚ್ಚಿನವರು ಈಗ ರಾಸ್‌ನಲ್ಲಿಲ್ಲ.

ರಾಸ್‌ನ ಇತಿಹಾಸ ನಮ್ಮ ಮುಂದೆ ಎರಡು ವಿಷಯಗಳನ್ನಿಡುತ್ತದೆ. ಮಸೀದಿಯಿಲ್ಲದ ಕಾಲದಲ್ಲಿ ಮನೆಗಳು ವಿಶ್ವಾಸವನ್ನು ಉಳಿಸಿದವು. ಆದರೆ ಮನೆಯೊಳಗಿನ ಮಾತು ಮತ್ತು ಕಲಿಕೆ ನಿಂತಾಗ ಮಸೀದಿಗೂ ಅದನ್ನು ಉಳಿಸಲಾಗಲಿಲ್ಲ. ಊರಿನಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ಜನಗಣತಿ ಹೇಳುತ್ತದೆ. ಆ ಜನ ತಮ್ಮ ಮಕ್ಕಳ ಕೈಗೆ ಏನನ್ನು ಕೊಟ್ಟರು ಎಂಬುದು ಅದರಲ್ಲಿ ಸಿಗುವುದಿಲ್ಲ. ಆ ಲೆಕ್ಕ ಪ್ರತಿಯೊಂದು ಮನೆಯೂ ತಾನೇ ಇಡಬೇಕಾದದ್ದು.